ಮಳೆಗಾಲದಲ್ಲಿ ಕ್ಯಾಮೆರಾ ಫೋಕಸ್ ಹಿಡಿಯುತ್ತಿಲ್ಲ, ಲೆನ್ಸ್ ಕೆಟ್ಟಿದೆಯಾ?

ಮಂಡಗದ್ದೆ ಪಕ್ಷಿಧಾಮದಲ್ಲಿ ಬೆಳ್ಳಕ್ಕಿಯ ಫೋಟೊ ತೆಗೆಯಲು ಹೋದರೆ ನಿಮ್ಮ ಕ್ಯಾನನ್ 1500ಡಿಯ 55-250 ಲೆನ್ಸ್ ಹಿಂದೆ ಮುಂದೆ ಓಡಾಡುತ್ತದೆ, ಬಟನ್ ಒತ್ತಿದರೂ ಫೋಟೊ ಬೀಳುವುದಿಲ್ಲ, ರಿಪೇರಿಗೆ ಕೊಡಬೇಕಾ ಅಂತ ಕೇಳಿದ್ದೀರಿ. ಈಗಲೇ ಕೊಡಬೇಡಿ. ಲೆನ್ಸ್ ಓಡಾಡುತ್ತಿದೆ ಎಂದರೆ ಪಕ್ಕದ ಸ್ವಿಚ್ ಎಎಫ್‌ನಲ್ಲೇ (ಆಟೊಫೋಕಸ್) ಇದೆ, ಮೋಟಾರೂ ತಿರುಗುತ್ತಿದೆ. ಅದಕ್ಕೆ ಹಿಡಿದುಕೊಳ್ಳಲು ಏನೂ ಸಿಗುತ್ತಿಲ್ಲ, ಅಷ್ಟೇ.

ವ್ಯೂಫೈಂಡರ್‌ನಲ್ಲಿ ನೋಡಿ ತೆಗೆಯುವಾಗ ಫೋಕಸ್ ಹುಡುಕುವುದು ಕನ್ನಡಿಯ ಕೆಳಗಿರುವ ಬೇರೊಂದು ಸೆನ್ಸರ್. ಅದಕ್ಕೆ ಬೆಳಕು-ನೆರಳು ಸೇರುವ ಒಂದು ಅಂಚು ಬೇಕು. ಮೋಡದ ಬಿಳಿಯ ಮುಂದೆ ಬೆಳ್ಳಕ್ಕಿಯ ಬಿಳಿ ಮೈ, ನಡುವೆ ತುಂಗೆಯ ಮೇಲೆ ಜಿಟಿಜಿಟಿ ಮಳೆ; ಅಂಚು ಎಲ್ಲಿಂದ ಬರಬೇಕು? 250ಕ್ಕೆ ಜೂಮ್ ಮಾಡಿದಾಗ ಲೆನ್ಸ್ ತೆರೆದುಕೊಳ್ಳುವುದೂ ಎಫ್/5.6ರವರೆಗೆ ಮಾತ್ರ, ಅಂದರೆ ಒಳಗೆ ಬರುವ ಬೆಳಕೂ ಕಡಿಮೆ.

ಹಾಗಾಗಿ ಒಂಬತ್ತೂ ಫೋಕಸ್ ಬಿಂದುಗಳನ್ನು ಕ್ಯಾಮೆರಾದ ಇಷ್ಟಕ್ಕೆ ಬಿಡದೆ ನಡುವಿನ ಒಂದನ್ನೇ ಆರಿಸಿ. ನಿಮ್ಮ ಕ್ಯಾಮೆರಾದಲ್ಲಿ ಅಡ್ಡ, ಉದ್ದ ಎರಡೂ ಗೆರೆಗಳನ್ನು ಗುರುತಿಸುವುದು ಆ ನಡುವಿನದು ಮಾತ್ರ. ಅದನ್ನು ಹಕ್ಕಿಯ ಹೊಟ್ಟೆಯ ಮೇಲೆ ಇಡಬೇಡಿ. ಕತ್ತು ಬಾಗಿ ಹಿಂದಿನ ಕಪ್ಪು ಎಲೆಗೆ ತಾಗುವ ಜಾಗ ಇರುತ್ತದಲ್ಲ, ಅಲ್ಲಿಡಿ. ಇಲ್ಲವೇ ಕೊಕ್ಕಿನ ಬುಡಕ್ಕೆ. ಅರ್ಧ ಒತ್ತಿ, ವ್ಯೂಫೈಂಡರ್‌ನ ಹಸಿರು ಚುಕ್ಕಿ ಮಿಣುಕದೆ ನಿಂತ ಮೇಲೆ ಪೂರ್ತಿ ಒತ್ತಿ. ಒನ್ ಶಾಟ್ ಮೋಡ್‌ನಲ್ಲಿ (ಕೂತ ಹಕ್ಕಿಗೆ ಒಮ್ಮೆ ಫೋಕಸ್ ಹಿಡಿದು ನಿಲ್ಲಿಸುವುದು) ಫೋಕಸ್ ಸಿಗದಿದ್ದರೆ ಕ್ಯಾಮೆರಾ ಫೋಟೊ ತೆಗೆಯುವುದೇ ಇಲ್ಲ. ನಿಮ್ಮ ಬಟನ್ ಕೆಲಸ ಮಾಡಲಿಲ್ಲ ಅನ್ನಿಸಿದ್ದು ಇದಕ್ಕೇ. ಹಾರುವ ಹಕ್ಕಿಗಾದರೆ, ಫೋಕಸ್ ಅದರ ಹಿಂದೆಯೇ ಸಾಗುವ ಎಐ ಸರ್ವೊ ಮೋಡ್ ಹಾಕಿಕೊಳ್ಳಿ.

ಇಷ್ಟಾದರೂ ಅನುಮಾನ ಉಳಿದರೆ ಮನೆಯಲ್ಲೇ ಪರೀಕ್ಷೆ ಮಾಡಿ. ಮಳೆ ಬಿಟ್ಟ ಹೊತ್ತಲ್ಲಿ ಜಗಲಿಯ ಗೋಡೆಗೆ ದಿನಪತ್ರಿಕೆಯ ಹಾಳೆ ಅಂಟಿಸಿ. ಹತ್ತು ಅಡಿ ದೂರದಲ್ಲಿ ಸ್ಟೂಲಿನ ಮೇಲೆ ಕ್ಯಾಮೆರಾ ಇಟ್ಟು, ದಪ್ಪ ಶೀರ್ಷಿಕೆಗೆ ನಡುವಿನ ಬಿಂದು ಹಿಡಿದು ತೆಗೆಯಿರಿ. ಆಮೇಲೆ ಅದನ್ನೇ ಲೈವ್ ವ್ಯೂನಲ್ಲಿ, ಅಂದರೆ ಹಿಂಬದಿಯ ಪರದೆಯಲ್ಲಿ ನೋಡಿ ತೆಗೆಯಿರಿ. ಅಲ್ಲಿ ಫೋಟೊ ಮೂಡುವ ಮುಖ್ಯ ಸೆನ್ಸರ್ರೇ ಫೋಕಸ್ ನೋಡುತ್ತದೆ. ಎರಡರಲ್ಲೂ ಅಕ್ಷರ ಚೂಪಾಗಿದ್ದರೆ ಲೆನ್ಸ್ ಚೆನ್ನಾಗಿದೆ. ಲೈವ್ ವ್ಯೂನಲ್ಲಿ ಚೂಪು, ವ್ಯೂಫೈಂಡರ್‌ನಲ್ಲಿ ಪ್ರತಿ ಸಲವೂ ಮಸುಕು ಅಂದರೆ ಫೋಕಸ್ ಸೆನ್ಸರ್ ಮತ್ತು ಲೆನ್ಸ್ ನಡುವಿನ ಹೊಂದಾಣಿಕೆ ತಪ್ಪಿದೆ. 1500ಡಿಯ ಮೆನುವಿನಲ್ಲಿ ಅದನ್ನು ಸರಿಪಡಿಸುವ ಸೌಲಭ್ಯ ಇಲ್ಲ. ಆಗ ಬಾಡಿ, ಲೆನ್ಸ್ ಎರಡನ್ನೂ ಒಟ್ಟಿಗೆ ಸರ್ವಿಸ್‌ಗೆ ಕೊಡಿ. ಎರಡರಲ್ಲೂ ಹಿಡಿಯದಿದ್ದರೆ 18-55 ಲೆನ್ಸ್ ಹಾಕಿ ನೋಡಿ. ಅದು ಸರಿ ಬಂದರೆ ಬಾಡಿ ಕ್ಷೇಮ.

ಸರ್ವಿಸ್‌ಗೆ ಹೋಗುವ ಮೊದಲು ಲೆನ್ಸ್ ಬಿಚ್ಚಿ, ಹಿಂಬದಿಯ ಬಂಗಾರದ ಬಣ್ಣದ ಸಣ್ಣ ಕಾಂಟ್ಯಾಕ್ಟುಗಳನ್ನು ಒಣಗಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ನಮ್ಮ ಥಂಡಿಗೆ ಅವುಗಳ ಮೇಲೆ ಪದರ ಕಟ್ಟುತ್ತದೆ. ಮುಂದೆ ಅಗ್ಗದ ಯುವಿ ಫಿಲ್ಟರ್ ಇದ್ದರೆ ತೆಗೆದಿಡಿ. ಟಾರ್ಚ್ ಬಿಟ್ಟು ಒಳಗಾಜನ್ನೂ ನೋಡಿ: ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಹೆಚ್ಚಾದರೆ ಚಿತ್ರ ಮಂಕಾಗುತ್ತದೆ, ಫೋಕಸ್ಸೂ ತಡವರಿಸುತ್ತದೆ. ಆಷಾಢದಲ್ಲಿ ಬ್ಯಾಗಿನೊಳಗೆ ಕ್ಯಾಮೆರಾ ಇಡಲೇಬೇಡಿ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಒಳಗಿನ ತೇವ ಶೇ 40ರಿಂದ 50ರ ಒಳಗಿರಲಿ.

ಪತ್ರಿಕೆಯ ಪರೀಕ್ಷೆ ಮಾಡಿ ಎರಡೂ ಫೋಟೊ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.