ರಿವ್ಯೂವರ್ ತಮ್ಮದೇ ಆರು ಲೇಖನ ಸೈಟ್ ಮಾಡಲು ಹೇಳಿದ್ದಾರೆ, ಸೇರಿಸಬೇಕಾ?

ನಿಮ್ಮ ಮೊದಲ ಸಂಶೋಧನಾ ಪೇಪರ್‌ಗೆ, ಪ್ರಕಟಣೆಗೆ ಮೊದಲು ಅದನ್ನು ಪರಿಶೀಲಿಸುವ ರಿವ್ಯೂವರ್, ಸೈಟ್ ಮಾಡಿ (ಆಧಾರವಾಗಿ ಉಲ್ಲೇಖಿಸಿ) ಅಂತ ಆರು ಲೇಖನಗಳ ಪಟ್ಟಿ ಕೊಟ್ಟಿದ್ದಾರೆ, ಆರರಲ್ಲೂ ಒಂದೇ ಹೆಸರಿದೆ, ಸೇರಿಸದಿದ್ದರೆ ಪೇಪರ್ ವಾಪಸ್ ಬಂದೀತಾ ಅಂತ ಕೇಳಿದ್ದೀರಿ. ಸೇರಿಸಬೇಡಿ. ಹಾಗಂತ ಸುಮ್ನೆ ಬಿಟ್ಟುಬಿಡಲೂ ಬೇಡಿ.

ನಾನು ಬದಿಯಡ್ಕದ ಕಡೆಯವನು, ಅಡಿಕೆಯ ಕೊಳೆರೋಗದ ಮೇಲೆ ಕೆಲಸ ಮಾಡುತ್ತೇನೆ. ನನಗೂ ಹೀಗೇ ಆಗಿತ್ತು. ಆ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ನಮ್ಮ ಮಳೆಗೆ ಎಷ್ಟು ದಿನ ನಿಲ್ಲುತ್ತದೆ ಅಂತ ಬರೆದಿದ್ದೆ, ಅದಕ್ಕೆ ಟೊಮೆಟೊ ಕೆಡದಂತೆ ಇಡುವ ಬಗ್ಗೆ ಇದ್ದ ನಾಲ್ಕು ಲೇಖನ ಸೈಟ್ ಮಾಡಬೇಕಂತೆ! ಹೆದರಿಕೆಯಲ್ಲಿ ಸೇರಿಸಲು ಹೊರಟಿದ್ದೆ. ಒಳ್ಳೆ ಅಡಿಕೆಗೆ ಕರಿಗೋಟು, ಅಂದರೆ ಕೀಳು ದರ್ಜೆಯ ಅಡಿಕೆ, ಬೆರೆಸಿದರೆ ಚೀಲದ ತೂಕ ಜಾಸ್ತಿಯಾಗುತ್ತದೆ ನಿಜ, ಆದರೆ ಅಂಗಡಿಯವರು ಒಳಗೆ ಕೈ ಹಾಕಿ ಒಂದು ಹಿಡಿ ತೆಗೆದರೆ ಇಡೀ ಚೀಲದ ರೇಟು ಇಳಿಯುತ್ತದೆ, ಅಲ್ವಾ? ನಾಳೆ ಪೇಪರ್ ಓದುವವರಿಗೂ ಹಾಗೇ ಅನಿಸುತ್ತದೆ.

ಕೊನೆಗೆ ಮಾಡಿದ್ದು ಇಷ್ಟು. ನಾಲ್ಕನ್ನೂ ಪೂರ್ತಿ ಓದಿದೆ. ನನ್ನ ಯಾವ ವಾಕ್ಯಕ್ಕೆ ಇದು ಆಧಾರವಾಗುತ್ತದೆ ಅಂತ ಒಂದೊಂದಕ್ಕೂ ಕೇಳಿಕೊಂಡೆ. ಒಂದಕ್ಕೂ ಉತ್ತರ ಸಿಗಲಿಲ್ಲ. ಅದನ್ನೇ ಲೇಖನವಾರು ಒಂದೊಂದು ಸಾಲು ಬರೆದೆ, ಎಲ್ಲ ಒಬ್ಬರದೇ ಲೇಖನ ಅಂತ ಸಂಪಾದಕರಿಗೆ ಬೇರೆಯಾಗಿ ತಿಳಿಸಿದೆ. ರಿವ್ಯೂವರ್ ಮೇಲೆ ಆರೋಪ ಮಾಡಲಿಲ್ಲ. ಅವು ಬೇಡ ಅಂತ ಸಂಪಾದಕರೇ ಹೇಳಿದರು, ಪೇಪರ್ ಪ್ರಕಟವಾಯಿತು. ನಿಮ್ಮ ಆರರಲ್ಲಿ ಒಂದು ನಿಜಕ್ಕೂ ಉಪಯೋಗವಿದ್ದರೆ ಅದೊಂದನ್ನು ಖಂಡಿತ ಸೇರಿಸಿ, ರಿವ್ಯೂವರ್ ಬರೆದದ್ದು ಅನ್ನುವ ಕಾರಣಕ್ಕೇ ಅದು ತಪ್ಪಾಗುವುದಿಲ್ಲ.

ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. 2012ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಸಮೀಕ್ಷೆ ಬಂದಿತ್ತು. ಅದರಲ್ಲಿ ಸಂಪಾದಕರೇ ತಮ್ಮ ಜರ್ನಲ್‌ನ ಲೇಖನ ಸೈಟ್ ಮಾಡಲು ಒತ್ತಾಯಿಸಿದ್ದಾರೆ ಅಂದವರು ಸುಮಾರು ಐವರಲ್ಲಿ ಒಬ್ಬರು, ಅದೂ ಒತ್ತಡ ಬೀಳುತ್ತಿದ್ದದ್ದು ಕೆಳಗಿನ ಹುದ್ದೆಯವರ ಮೇಲೇ ಜಾಸ್ತಿ. ಜರ್ನಲ್‌ನ ಮಟ್ಟ ಅಳೆಯಲು ಬಳಸುವ ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನು ಲೆಕ್ಕ ಹಾಕುವುದು ಅದರ ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಈ ವರ್ಷ ಸರಾಸರಿ ಎಷ್ಟು ಸೈಟೇಶನ್ ಬಂತು ಅಂತ, ಹಾಗಾಗಿ ತಮ್ಮ ಜರ್ನಲ್‌ನ ಹೊಸ ಲೇಖನಗಳನ್ನೇ ಸೈಟ್ ಮಾಡಿ ಅಂತ ಹಟ ಹಿಡಿದರೆ ಅನುಮಾನ ಪಡಬೇಕು. 2013ರಲ್ಲಿ ಬ್ರೆಜಿಲ್‌ನ ನಾಲ್ಕು ಜರ್ನಲ್‌ಗಳು ಒಂದನ್ನೊಂದು ಸೈಟ್ ಮಾಡಿಕೊಂಡು ಸಿಕ್ಕಿಬಿದ್ದವು, ಜರ್ನಲ್‌ಗಳ ಪಟ್ಟಿಯಲ್ಲಿ ಅವುಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನೇ ತಡೆಹಿಡಿದರು.

ಆದರೆ ಹೀಗೆ ಶಿಕ್ಷೆ ಆಗುವುದು ಎಲ್ಲ ಮುಗಿದ ಮೇಲೆ. ತಡೆಯಬೇಕಾದ ಜಾಗ ಸಂಪಾದಕರ ಮೇಜು. ಬರೀ ಸೈಟೇಶನ್ ಹೆಚ್ಚಿಸಲು ತಮ್ಮ ಲೇಖನ ಸೂಚಿಸಬಾರದು ಅಂತ ಕೋಪ್ ಅನ್ನುವ ಪ್ರಕಟಣಾ ನೀತಿ ಸಮಿತಿ ರಿವ್ಯೂವರ್‌ಗಳಿಗೆ ಸ್ಪಷ್ಟವಾಗಿ ಹೇಳಿದೆ. ರಿವ್ಯೂ ನಮ್ಮ ಕೈಗೆ ಬರುವ ಮೊದಲು ಸಂಪಾದಕರು ಆ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿದರೆ ಸಾಕು, ಐದು ನಿಮಿಷದ ಕೆಲಸ. ಅದಾಗದೆ ನಿಮ್ಮಂಥ ಹೊಸಬರು ರಾತ್ರಿ ನಿದ್ದೆ ಕೆಡಿಸಿಕೊಳ್ಳುವಂತಾಗಿದೆ, ಇದು ನನಗೆ ನಿಜಕ್ಕೂ ಸಿಟ್ಟು ತರುತ್ತದೆ.

ಸಂಪಾದಕರಿಗೆ ಪತ್ರ ಕಳಿಸುವ ಮೊದಲು ನಿಮ್ಮ ಗೈಡ್‌ಗೆ ಒಮ್ಮೆ ತೋರಿಸಿ. ರಿವ್ಯೂವರ್ ಕಳಿಸಿದ ಟಿಪ್ಪಣಿಯ ಒಂದು ಪ್ರತಿ ಜೋಪಾನವಾಗಿ ಇಟ್ಟುಕೊಳ್ಳಿ.