ಬೆಟ್ಟ ಹತ್ತದ ದಿನ ನಿಮಗೆ ಏನಾಗುತ್ತದೆ?

ಮೈಸೂರಿನ ಓದುಗರೊಬ್ಬರು ಬರೆದಿದ್ದಾರೆ. ಅವರಿಗೆ 38 ವರ್ಷ. ಆರ್ಕಿಟೆಕ್ಟ್, ಸ್ವಂತ ಆಫೀಸು. ಎರಡು ವರ್ಷದಿಂದ ದಿನಾ ಬೆಳಗಿನ ಜಾವ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯುತ್ತಾರೆ, ಸಂಜೆ ಜಿಮ್‌ಗೆ ಹೋಗುತ್ತಾರೆ. ಜ್ವರ ಬಂದಾಗಲೂ ಬಿಟ್ಟಿಲ್ಲ. ಗಂಡ "ಇದು ಅತಿಯಾಯಿತು" ಅನ್ನುತ್ತಾರೆ. ಇದು ಶಿಸ್ತೋ, ಗೀಳೋ ಎನ್ನುವುದು ಅವರ ಮೊದಲ ಪ್ರಶ್ನೆ. ಈಚೆಗೆ ಕೆಲಸ ಕಡಿಮೆಯಾಗಿದೆ, ಹೊಸ ಪರಿಚಯಗಳಿಗಾಗಿ ದುಡ್ಡು ಕಟ್ಟಿ ಒಂದು ಬಿಸಿನೆಸ್ ಗುಂಪು ಸೇರಲೇ ಎನ್ನುವುದು ಎರಡನೆಯದು. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಇಲ್ಲಿ ಉತ್ತರಿಸುತ್ತಿದ್ದೇನೆ.

ಆತ್ಮೀಯರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಪ್ರತಿ ಸಲವೂ ಒಂದೇ ಕಡೆ ನಿಂತೆ. ಹಳೆಯ ಕ್ಲೈಂಟ್ ಒಬ್ಬರ ಗೃಹಪ್ರವೇಶಕ್ಕೆ ನೀವು ಹೋಗಲಿಲ್ಲ. ಅದು ನೀವೇ ಪ್ಲಾನ್ ಹಾಕಿದ ಮನೆ. ಗುದ್ದಲಿ ಪೂಜೆಯ ದಿನ ಅವರ ಜೊತೆ ಬಿಸಿಲಲ್ಲಿ ನಿಂತವರು ನೀವು. ಆದರೆ ಮುಹೂರ್ತ ಬೆಳಗ್ಗೆ ಇತ್ತು, ಬೆಟ್ಟ ತಪ್ಪುತ್ತಿತ್ತು. ಮಧ್ಯಾಹ್ನ ಹೋಳಿಗೆ ಊಟ. ಅದನ್ನು ಕರಗಿಸಲು ಸಂಜೆ ಎಷ್ಟು ಹೊತ್ತು ಜಿಮ್‌ನಲ್ಲಿರಬೇಕು ಅಂತ ಲೆಕ್ಕ ಹಾಕಿದಿರಿ. ಕೊನೆಗೆ "ಹುಷಾರಿಲ್ಲ" ಅಂತ ಮೆಸೇಜ್ ಹಾಕಿ ಬೆಟ್ಟಕ್ಕೆ ಹೋದಿರಿ.

ನಿಮ್ಮ ಎರಡೂ ಪ್ರಶ್ನೆಗಳು ಆ ಒಂದು ಬೆಳಗ್ಗೆಯಲ್ಲೇ ಸೇರಿಕೊಂಡಿವೆ ಅಂತ ನನಗೆ ಅನ್ನಿಸಿತು.

ದಿನಾ ಬೆಟ್ಟ ಹತ್ತುವುದು ತಾನಾಗಿಯೇ ಗೀಳಲ್ಲ. ದಶಕಗಳಿಂದ ಹತ್ತುತ್ತಿರುವ ಹಿರಿಯರು ನಿಮಗೂ ಅಲ್ಲಿ ಸಿಕ್ಕಿರುತ್ತಾರೆ. ಅವರಲ್ಲಿ ಎಷ್ಟೋ ಜನ ಮಳೆ ಜಾಸ್ತಿಯಾದರೆ ಮನೆಯಲ್ಲೇ ಕಾಫಿ ಕುಡಿದು ಪೇಪರ್ ಓದುತ್ತಾರೆ. ಮೊಮ್ಮಗು ಬಂದರೆ ಒಂದು ವಾರ ಬೆಟ್ಟದ ಕಡೆ ತಲೆ ಹಾಕುವುದಿಲ್ಲ. ಆಮೇಲೆ ಮತ್ತೆ ಬರುತ್ತಾರೆ. ಹಾಗಾಗಿ ನೀವು ಎಷ್ಟು ಹತ್ತುತ್ತೀರಿ ಎಂದು ನಾನು ಕೇಳುವುದಿಲ್ಲ. ಹತ್ತಲು ಆಗದ ದಿನ ನಿಮಗೆ ಏನಾಗುತ್ತದೆ, ಅದನ್ನು ಹೇಳಿ.

1970ರಲ್ಲಿ ಅಮೆರಿಕದ ಫ್ರೆಡೆರಿಕ್ ಬೇಕ್‌ಲ್ಯಾಂಡ್ ಎಂಬ ಸಂಶೋಧಕರು ವ್ಯಾಯಾಮ ನಿಲ್ಲಿಸಿದರೆ ನಿದ್ದೆಗೆ ಏನಾಗುತ್ತದೆ ಎಂದು ನೋಡಲು ಹೊರಟಿದ್ದರು. ಒಂದು ತಿಂಗಳು ವ್ಯಾಯಾಮ ಬಿಡಿ, ಹಣ ಕೊಡುತ್ತೇವೆ ಎಂದು ಕೇಳಿದರು. ಹೆಚ್ಚುಕಡಿಮೆ ದಿನಾ ವ್ಯಾಯಾಮ ಮಾಡುತ್ತಿದ್ದವರು ಎಷ್ಟು ಹಣ ಕೊಟ್ಟರೂ ಬೇಡ ಅಂದರು. ಕೊನೆಗೆ ವಾರಕ್ಕೆ ಮೂರು ನಾಲ್ಕು ದಿನ ಮಾಡುವವರನ್ನೇ ಇಟ್ಟುಕೊಂಡು ಅಧ್ಯಯನ ಮುಗಿಸಬೇಕಾಯಿತು. ನಿದ್ದೆಯ ಬಗ್ಗೆ ಹೊರಟವರ ಕಣ್ಣಿಗೆ ಬಿದ್ದದ್ದು ಈ "ಬೇಡ". ವ್ಯಾಯಾಮವೂ ಕಟ್ಟಿಹಾಕಬಲ್ಲದು ಎಂಬ ಚರ್ಚೆ ಶುರುವಾದದ್ದು ಹೀಗೆ.

2004ರಲ್ಲಿ ಬ್ರಿಟನ್ನಿನ ಸಂಶೋಧಕರು ಆರು ಸಾಲಿನ ಒಂದು ಪ್ರಶ್ನೆಪಟ್ಟಿ ಮಾಡಿದರು. ನನ್ನ ಬದುಕಿನಲ್ಲಿ ಎಲ್ಲಕ್ಕಿಂತ ಮುಖ್ಯ ವ್ಯಾಯಾಮವೇ? ಅದರಿಂದ ಮನೆಯಲ್ಲಿ ಜಗಳವಾಗಿದೆಯೇ? ಮನಸ್ಸಿನ ಸ್ಥಿತಿ ಬದಲಿಸಲು ಅದನ್ನೇ ಹಿಡಿಯುತ್ತೇನೆಯೇ? ದಿನ ಕಳೆದಂತೆ ಪ್ರಮಾಣ ಏರಿದೆಯೇ? ತಪ್ಪಿದರೆ ಸಿಡುಕುತ್ತೇನೆಯೇ? ಕಡಿಮೆ ಮಾಡಿದರೂ ಮತ್ತೆ ಅಷ್ಟಕ್ಕೇ ಬಂದು ನಿಲ್ಲುತ್ತೇನೆಯೇ? ಒಂದೊಂದಕ್ಕೆ ಒಂದರಿಂದ ಐದು ಅಂಕ. ಒಟ್ಟು 24 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಚ್ಚರ ಬೇಕು ಎನ್ನುತ್ತದೆ ಆ ಪಟ್ಟಿ. ಇದು ರೋಗನಿರ್ಣಯವಲ್ಲ. ಆದರೆ ಈ ಆರರಲ್ಲಿ ಐದಕ್ಕೆ ನಿಮ್ಮ ಪತ್ರದಲ್ಲೇ ಉತ್ತರ ಇದೆ. ವಾಚ್‌ನ ಚಾರ್ಜ್ ಮುಗಿದಿತ್ತು, ಲೆಕ್ಕಕ್ಕೆ ಬರಲಿಲ್ಲ ಅಂತ ಅದೇ ದಿನ ಎರಡನೇ ಸಲ ಬೆಟ್ಟ ಹತ್ತಿದೆ ಎಂದು ಬರೆದಿದ್ದೀರಿ. ಆ ಎರಡನೇ ಹತ್ತುವಿಕೆಯಲ್ಲಿ ನಿಮಗೆ ಖುಷಿ ಇತ್ತೇ? ಇರಲಿಲ್ಲ ಎಂದು ನೀವೇ ಹೇಳಿದ್ದೀರಿ.

ಈಗ ನನಗೆ ನಿಜವಾಗಿ ಗಾಬರಿ ಆದ ವಿಷಯ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ, "ಒಂದು ರಗಳೆ ತಪ್ಪಿತು" ಅಂತ ಬರೆದಿದ್ದೀರಿ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತಿಂದ ಅನ್ನದ ಶಕ್ತಿಯೆಲ್ಲ ವ್ಯಾಯಾಮಕ್ಕೇ ಖರ್ಚಾದರೆ, ಉಳಿದ ಕೆಲಸಕ್ಕೆ ದೇಹದ ಹತ್ತಿರ ಸಾಲದಾಗುತ್ತದೆ. ಆಗ ಅದು ಇವತ್ತಿನ ಜೀವಕ್ಕೆ ತುರ್ತಿಲ್ಲದ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುತ್ತದೆ. ಮುಟ್ಟು ಅದರಲ್ಲಿ ಒಂದು. ಈಸ್ಟ್ರೋಜನ್ ಎಂಬ ಹಾರ್ಮೋನ್ ಇಳಿಯುತ್ತದೆ, ಅದರ ಜೊತೆ ಮೂಳೆಯ ಬಲವೂ ಇಳಿಯುತ್ತದೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಸ್ಥಿತಿಗೆ ಒಂದು ಹೆಸರನ್ನೇ ಕೊಟ್ಟಿತು. ಗಂಡಸರಿಗೂ ಹೀಗೆ ಆಗುತ್ತದೆ, ಅವರಲ್ಲಿ ಟೆಸ್ಟೋಸ್ಟಿರಾನ್ ಇಳಿಯುತ್ತದೆ. ತೀರಾ ಸಣಕಲಾಗಿದ್ದರೆ ಮಾತ್ರ ಅಂತೇನಿಲ್ಲ, ನೋಡಲು ಗಟ್ಟಿಮುಟ್ಟಾಗಿ ಇರುವವರಿಗೂ ಆಗಬಹುದು.

ಮೊಳಕಾಲಿನ ಮೂಳೆಯಲ್ಲಿ, ಬೆರಳಿಟ್ಟು ತೋರಿಸಬಹುದಾದಂಥ ಒಂದೇ ಜಾಗದಲ್ಲಿ ನೋವು ಅಂದಿದ್ದೀರಿ. ಅದು ಮೂಳೆಯ ಸಣ್ಣ ಬಿರುಕು ಇರಬಹುದು. ಇಂಥ ಬಿರುಕು ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಎಂಆರ್‌ಐ ಬೇಕಾಗಬಹುದು. ಈ ವಾರವೇ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಮುಟ್ಟು ನಿಲ್ಲಲು ಗರ್ಭ, ಥೈರಾಯ್ಡ್ ಹೀಗೆ ಬೇರೆ ಕಾರಣಗಳೂ ಇರುತ್ತವೆ, ಎಲ್ಲವನ್ನೂ ನೋಡಲಿ. ಮೂಳೆ ವೈದ್ಯರಿಗೆ ಕಾಲು ತೋರಿಸಿ. ಇಬ್ಬರಿಗೂ ಎಷ್ಟು ವ್ಯಾಯಾಮ ಮಾಡುತ್ತೀರಿ, ಏನು ತಿನ್ನುತ್ತೀರಿ, ಏನು ಬಿಡುತ್ತೀರಿ, ಪೂರ್ತಿ ಹೇಳಿ. ಅವರು ನೋಡುವ ತನಕ ಮೆಟ್ಟಿಲು ಬೇಡ.

ಮೂರನೆಯವರು ಮನಸ್ಸಿನ ವೈದ್ಯರು. ಬೇಜಾರು ಮಾಡಿಕೊಳ್ಳಬೇಡಿ. ಊಟ ಮಾಡಿದ್ದಕ್ಕೆ ದೇಹಕ್ಕೆ ಶಿಕ್ಷೆ ಕೊಡುವ ಲೆಕ್ಕ ಶುರುವಾದ ಮೇಲೆ ಅದು ಬರೀ ವ್ಯಾಯಾಮದ ಮಾತಾಗಿ ಉಳಿಯುವುದಿಲ್ಲ. ವ್ಯಾಯಾಮದ ಗೀಳಿನ ಜೊತೆ ಎಷ್ಟೋ ಸಲ ಊಟದ ತೊಂದರೆಯೂ ಇರುತ್ತದೆ. ಇದಕ್ಕೆ ಮಾತಿನ ಚಿಕಿತ್ಸೆ ಇದೆ. ನಿಮ್ಮೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಮೊದಲು ಫೋನ್‌ನಲ್ಲೇ ಮಾತಾಡೋಣ ಅನ್ನಿಸಿದರೆ ಟೆಲಿ ಮಾನಸ್, 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ ಇದು. ದುಡ್ಡಿಲ್ಲ, ಹಗಲೂ ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ನಿಮಗೆ ಇಷ್ಟು ದಿನ ಇದು ಗೊತ್ತಾಗದೇ ಹೋದದ್ದಕ್ಕೆ ಕಾರಣವೂ ಇದೆ. ಕುಡಿತ ಜಾಸ್ತಿಯಾದರೆ ನಾಲ್ಕು ಜನ ಬೈಯುತ್ತಾರೆ. ವ್ಯಾಯಾಮ ಜಾಸ್ತಿಯಾದರೆ ನಾಲ್ಕು ಜನ ಚಪ್ಪಾಳೆ ತಟ್ಟುತ್ತಾರೆ. "ಏನ್ ಡೆಡಿಕೇಶನ್ ಮೇಡಂ" ಅಂತ ಜಿಮ್‌ನಲ್ಲಿ ನಿಮ್ಮ ಫೋಟೋ ಹಾಕಿದ್ದಾರಂತೆ. ಬೇಡ ಅಂದದ್ದು ನಿಮ್ಮ ಗಂಡ ಒಬ್ಬರೇ. ಬೇಡ ಅನ್ನಬಹುದಾಗಿದ್ದ ಇನ್ನೂ ಕೆಲವರು ನಿಮಗೆ ಇದ್ದರು. ನಿಮ್ಮ ಮೇಸ್ತ್ರಿ, ಮೊದಲ ಆಫೀಸಿನ ಬಾಸ್, ಜೊತೆಗೆ ಕೆಲಸ ಮಾಡಿದ ಸ್ಟ್ರಕ್ಚರಲ್ ಇಂಜಿನಿಯರ್. ಬೆಳಗಿನ ಸೈಟ್ ಭೇಟಿ ಬೇಡ, ಸಂಜೆಯ ಕಾಫಿ ಬೇಡ ಅಂತ ನೀವು ಅನ್ನುತ್ತಾ ಹೋದಂತೆ ಅವರೆಲ್ಲ ದೂರವಾದರು. ಎರಡು ವರ್ಷದಿಂದ ನಿಮ್ಮ ಮುಖವನ್ನು ಹತ್ತಿರದಿಂದ ನೋಡಿದ್ದರೆ ಅವರಲ್ಲಿ ಒಬ್ಬರಾದರೂ "ಯಾಕಮ್ಮಾ, ಇಷ್ಟು ಇಳಿದುಹೋಗಿದ್ದೀಯಾ?" ಅಂತ ಕೇಳುತ್ತಿದ್ದರು, ಅಲ್ವಾ?

ಆದ್ದರಿಂದ ಎರಡನೇ ಪ್ರಶ್ನೆಗೆ ನನ್ನ ಉತ್ತರ: ಆ ಗುಂಪಿಗೆ ಈಗ ದುಡ್ಡು ಕಟ್ಟಬೇಡಿ. ಮೊದಲು ಇರುವವರ ಹತ್ತಿರ ಹೋಗಿ. ಮನೆ ಕಟ್ಟಿಸುವವರು ಆರ್ಕಿಟೆಕ್ಟ್ ಹುಡುಕುವುದು ಹೇಗೆ ಅಂತ ನಿಮಗೆ ಗೊತ್ತಿದೆ. ಚೆನ್ನಾಗಿ ಕಂಡ ಮನೆಯ ಮುಂದೆ ನಿಂತು "ಪ್ಲಾನ್ ಯಾರದ್ದು?" ಅಂತ ಕೇಳುತ್ತಾರೆ. ಉತ್ತರ ಹೇಳುವುದು ಮನೆಯವರು, ಮೇಸ್ತ್ರಿ, ಬಡಗಿ, ಟೈಲ್ಸ್ ಅಂಗಡಿಯವರು. ಅವರ ಬಾಯಲ್ಲಿ ನಿಮ್ಮ ಹೆಸರು ಬರುವುದು ನಿಂತಿದೆ, ಅಷ್ಟೇ.

ಇಷ್ಟು ದಿನ ಬಿಟ್ಟು ಈಗ ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಕೇಳಿದ್ದೀರಿ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಂಪನಿಗಳ ಅಧಿಕಾರಿಗಳಿಗೆ, ವರ್ಷಗಟ್ಟಲೆ ಮಾತಿಲ್ಲದ ಹಳೆಯ ಪರಿಚಯದವರನ್ನು ಸಂಪರ್ಕಿಸಿ ಕೆಲಸದ ಬಗ್ಗೆ ಸಲಹೆ ಕೇಳಲು ಹೇಳಿದ್ದರು. ಸಿಕ್ಕ ಸಲಹೆ ತುಂಬಾ ಬೆಲೆಯುಳ್ಳದ್ದಾಗಿತ್ತು. ನಡುವೆ ಅವರು ಬೇರೆ ಲೋಕ ಕಂಡಿದ್ದರು, ಹಳೆಯ ನಂಬಿಕೆಯೂ ಆರಿರಲಿಲ್ಲ. 2022ರ ಇನ್ನೊಂದು ಅಧ್ಯಯನ ಹೇಳುವುದು ಇದು: ಸುಮ್ನೆ ನೆನಪಾಯಿತು ಅಂತ ಯಾರಾದರೂ ಸಂಪರ್ಕಿಸಿದರೆ, ಸಂಪರ್ಕಿಸಿದವರು ಊಹಿಸಿದ್ದಕ್ಕಿಂತ ಹೆಚ್ಚು ಖುಷಿ ಆ ಕಡೆಯವರಿಗೆ ಆಗುತ್ತದೆ. ಹಿಂದೆ ನಮ್ಮಲ್ಲಿ ಕರಡು ತಿದ್ದುತ್ತಿದ್ದ ಹಿರಿಯರೊಬ್ಬರಿಗೆ ನಾನು ಆರು ವರ್ಷ ಫೋನ್ ಮಾಡಿರಲಿಲ್ಲ. ಹೋದ ವರ್ಷ ಮಾಡಿದೆ. ಯಾಕೆ ಮಾಡಲಿಲ್ಲ ಅಂತ ಅವರು ಕೇಳಲೇ ಇಲ್ಲ. "ಮಗಳದ್ದು ಓದು ಮುಗೀತಾ?" ಅಂದರು. ನನಗೆ ಮಾತು ಹೊರಡಲು ಸ್ವಲ್ಪ ಹೊತ್ತಾಯಿತು.

ಮೊದಲ ಭೇಟಿಯಲ್ಲಿ ಕೆಲಸ ಕೇಳಬೇಡಿ. ಕಟ್ಟಿ ಮುಗಿಸಿದ ಮನೆಗಳ ಪಟ್ಟಿ ತೆಗೆದು, ಮಳೆಗಾಲದಲ್ಲಿ ತಾರಸಿ ಸೋರಿತೇ, ಅಡುಗೆಮನೆಗೆ ಬೆಳಕು ಸಾಕೇ ಅಂತ ಕೇಳಿ. ಇದು ಅವರಿಗೂ ಬೇಕು, ನಿಮ್ಮ ಕಸುಬಿಗೂ ಬೇಕು. ಗೃಹಪ್ರವೇಶ ತಪ್ಪಿಸಿದ ಮನೆಗೆ ಮಾತ್ರ ಫೋನ್ ಸಾಲದು, ಹೋಗಿ ಬನ್ನಿ. "ಅವತ್ತು ಹುಷಾರಿಲ್ಲ ಅಂದದ್ದು ಸುಳ್ಳು, ಬರಬೇಕಿತ್ತು, ತಪ್ಪಾಯಿತು" ಅಂತ ಹೇಳಿ. ಊಟಕ್ಕೆ ಏಳಿ ಅಂದರೆ ಕೂತು ಊಟ ಮಾಡಿ. ಆ ಊಟ ನಿಮಗೆ ಕಷ್ಟವಾಗಬಹುದು ಅಂತ ಗೊತ್ತು. ಗಂಡನನ್ನು ಜೊತೆಗೆ ಕರೆದುಕೊಂಡು ಹೋಗಿ.

ಮೇಸ್ತ್ರಿಗೆ ಬೆಳಗ್ಗೆ ಎಂಟರ ಒಳಗೆ ಫೋನ್ ಮಾಡಿ. ಆಮೇಲೆ ಸೆಂಟ್ರಿಂಗ್ ಗದ್ದಲದಲ್ಲಿ ಅವರಿಗೆ ಏನೂ ಕೇಳಿಸುವುದಿಲ್ಲ. ನೀವು ಬೆಟ್ಟದಲ್ಲಿ ಇರುತ್ತಿದ್ದ ಹೊತ್ತು ಅದು. ವೈದ್ಯರು ಏನಂದರು ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕಿ