ಒಬ್ಬೊಬ್ಬರ ಮುಂದೆ ಒಂದೊಂದು ಥರ ಇದ್ದರೆ ಅದು ನಾಟಕವೇ?

ಪ್ರಶ್ನೆ: ನನಗೆ 41 ವರ್ಷ. ತವರು ಗದಗ ಜಿಲ್ಲೆ. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಖಾಸಗಿ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಆಫೀಸಿನಲ್ಲಿ ಅರ್ಧ ಇಂಗ್ಲಿಷ್, ಅರ್ಧ ಇಲ್ಲಿಯ ಕನ್ನಡ. ಅತ್ತೆಯ ಎದುರು ಮಾತು ಕಡಿಮೆ. ಮಗನ ಓದಿನ ವಿಷಯದಲ್ಲಿ ಕಟ್ಟುನಿಟ್ಟು. ಅವ್ವನ ಫೋನ್ ಬಂದರೆ ಮಾತ್ರ ‘ಯವ್ವಾ, ಊಟಾ ಆತೇನ?’ ಅಂತ ನಮ್ಮೂರ ಮಾತು ತಾನಾಗಿ ಬರುತ್ತದೆ. ಈಚೆಗೆ ಆಫೀಸಿನಲ್ಲಿ ಊಟ ಮಾಡುವಾಗ ಅವ್ವ ಫೋನ್ ಮಾಡಿದಳು. ಎದ್ದು ಕಿಟಕಿಯ ಹತ್ತಿರ ಹೋಗಿ ಮಾತಾಡಿದೆ. ವಾಪಸ್ ಬಂದಾಗ ಜೊತೆಯವರೊಬ್ಬರು ನನ್ನ ಮಾತನ್ನು ಅಣಕಿಸಿ ತೋರಿಸಿದರು. ‘ಇಷ್ಟು ವರ್ಷ ಗೊತ್ತೇ ಆಗಿರ್ಲಿಲ್ವಲ್ಲ’ ಅಂದರು ಇನ್ನೊಬ್ಬರು. ಎಲ್ಲರ ಜೊತೆ ನಾನೂ ನಕ್ಕೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಾನು ಎಲ್ಲ ಕಡೆ ನಾಟಕ ಮಾಡುತ್ತಿದ್ದೇನೆಯೇ? ಇವರಲ್ಲಿ ನಿಜವಾದ ನಾನು ಯಾರು?
— ಹೆಸರು ಬೇಡ, ಬೆಂಗಳೂರು

ಉತ್ತರ: ಮಾತು, ದನಿ, ನಡವಳಿಕೆ ಜಾಗಕ್ಕೆ ತಕ್ಕಂತೆ ಬದಲಾಗುವುದು ನಾಟಕವಲ್ಲ. ಒಬ್ಬ ಮನುಷ್ಯನನ್ನು ಎಷ್ಟು ಜನ ಬಲ್ಲರೋ ಅಷ್ಟು ‘ನಾನು’ಗಳು ಅವನಿಗಿರುತ್ತವೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಬರೆದಿದ್ದರು. 1997ರಲ್ಲಿ ಮನಶ್ಶಾಸ್ತ್ರಜ್ಞ ಕೆನ್ನನ್ ಶೆಲ್ಡನ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳನ್ನು ಮಗ ಅಥವಾ ಮಗಳು, ಗೆಳೆಯ, ನೌಕರ ಹೀಗೆ ಬೇರೆ ಬೇರೆ ಪಾತ್ರಗಳಲ್ಲಿ ನೋಡಿದಾಗ ಅವರ ಸ್ವಭಾವವೇ ಬೇರೆ ಬೇರೆಯಾಗಿ ಕಂಡಿತು. ಯಾವ ಪಾತ್ರದಲ್ಲಿ ‘ಇಲ್ಲಿ ನಾನು ನಾನಾಗಿದ್ದೇನೆ’ ಎನಿಸಿತ್ತೋ ಅಲ್ಲಿ ಅವರು ಹೆಚ್ಚು ತೆರೆದುಕೊಂಡಿದ್ದರು, ಅಲ್ಲಿ ಆತಂಕವೂ ಕಡಿಮೆ ಇತ್ತು. ಹಾಗಾಗಿ ನಾಲ್ವರಲ್ಲಿ ಅಸಲಿ ಯಾರು ಎಂದು ಹುಡುಕಬೇಡಿ. ಎಲ್ಲಿ ಉಸಿರು ಕಟ್ಟುತ್ತದೆ ಎಂದು ನೋಡಿ.

ನಿಮ್ಮ ಪತ್ರವೇ ಅದನ್ನು ಹೇಳುತ್ತಿದೆ. ಅತ್ತೆಗೊಂದು ಸಾಲು, ಮಗನಿಗೊಂದು ಸಾಲು ಬರೆದಿದ್ದೀರಿ. ಊಟದ ಹೊತ್ತಿನ ಆ ಕೆಲವು ನಿಮಿಷಗಳನ್ನು ಮಾತ್ರ ಕಿಟಕಿಯ ಸಮೇತ ವಿವರಿಸಿದ್ದೀರಿ. ನಿದ್ದೆ ಕೆಡಿಸಿದ್ದು ನಿಮ್ಮ ಎರಡು ಬಗೆಯ ಕನ್ನಡವಲ್ಲ, ನೋವಾದಾಗ ನಕ್ಕಿದ್ದು. ಒಳಗೊಂದು ಭಾವ, ಮುಖದ ಮೇಲೊಂದು ಭಾವ ಇಟ್ಟುಕೊಂಡು ದುಡಿಯುವುದು ಮನುಷ್ಯರನ್ನು ಹೇಗೆ ದಣಿಸುತ್ತದೆ ಎಂಬುದನ್ನು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನದ ಗಗನಸಖಿಯರ ಕೆಲಸವನ್ನು ಮುಂದಿಟ್ಟುಕೊಂಡು ವಿವರಿಸಿದರು. ಆ ಗಗನಸಖಿಯರಿಗೆ ನಗುವುದು ಸಂಬಳದ ಕೆಲಸದ ಭಾಗವಾಗಿತ್ತು. ನಿಮಗೆ ಹಾಗೇನೂ ಇಲ್ಲ. ಗದಗದ ಮಾತನ್ನು ಅಣಕಿಸುವುದು ತಮಾಷೆಯಲ್ಲ, ಅದು ತಪ್ಪು. ಅದಕ್ಕೆ ನೀವು ನಗಬೇಕಾಗಿಯೂ ಇರಲಿಲ್ಲ.

ಅತ್ತೆಯ ಮುಂದಿನ ಮೌನ ಬೇರೆ ವಿಷಯ. ಅದು ಗೌರವವೂ ಇರಬಹುದು, ಭಯವೂ ಇರಬಹುದು; ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ‘ಹೇಳಲೇಬೇಕು ಅನಿಸಿದ ದಿನ ನಾನು ಹೇಳಬಲ್ಲೆನೇ?’ ಎಂದು ಕೇಳಿಕೊಳ್ಳಿ. ಹೌದಾದರೆ ಆ ಮೌನ ನೀವೇ ಆರಿಸಿಕೊಂಡದ್ದು, ಅದರಲ್ಲಿ ಸುಳ್ಳಿಲ್ಲ. ಇಲ್ಲ ಎಂದಾದರೆ ಅಲ್ಲೂ ಕೆಲಸ ಇದೆ, ಆದರೆ ಅದನ್ನು ಆಮೇಲೆ ನೋಡಬಹುದು. ಮಗನ ಎದುರಿನ ಕಟ್ಟುನಿಟ್ಟಿಗೂ ಒಂದು ಪ್ರಶ್ನೆ ಇದೆ: ಕಡಿಮೆ ಅಂಕ ಬಂದ ದಿನ ಅವನು ಅದನ್ನು ನಿಮ್ಮ ಹತ್ತಿರ ಬಂದು ಹೇಳುತ್ತಾನೆಯೇ? ನಿಮ್ಮ ಮುಂದೆ ಅವನೂ ನಕ್ಕು ಸುಮ್ಮನಾಗುತ್ತಿದ್ದರೆ ಅದು ನಿಮಗೆ ತಿಳಿದಿರಬೇಕು.

ಎರಡು ವಾರ ಮಲಗುವ ಮುನ್ನ ನಾಲ್ಕು ಸಾಲು ಬರೆಯಿರಿ. ‘ನಾನ್ಯಾಕೆ ಹೀಗೆ’ ಎಂದು ಬೇಡ. ಅದು ನಿಮ್ಮನ್ನು ಅಲ್ಲೇ ಸುತ್ತಿಸುತ್ತದೆ. ಇವತ್ತು ಯಾವ ಮಾತನ್ನು ನುಂಗಿಕೊಂಡೆ, ಯಾರ ಮುಂದೆ, ಹೇಳಿದ್ದರೆ ಏನಾಗುತ್ತದೆಂದು ಹೆದರಿದೆ, ಇಷ್ಟು ಸಾಕು. ಬರೆದದ್ದನ್ನು ಒಟ್ಟಿಗೆ ಓದಿದಾಗ ಒಂದೆರಡು ಜಾಗ, ಒಂದೆರಡು ಮುಖ ಮತ್ತೆ ಮತ್ತೆ ಕಾಣಿಸುತ್ತವೆ.

ಆಫೀಸಿನ ಮಟ್ಟಿಗೆ ಅಷ್ಟು ದಿನ ಕಾಯಬೇಕಿಲ್ಲ. ಮುಂದಿನ ಸಲ ಅವ್ವನ ಫೋನ್ ಬಂದರೆ ಕೂತಲ್ಲೇ ಎತ್ತಿಕೊಳ್ಳಿ. ಯಾರಾದರೂ ಅಣಕಿಸಿದರೆ ನಗಬೇಡಿ, ಜಗಳವೂ ಬೇಡ. ‘ಅದು ನಮ್ಮೂರ ಮಾತು, ಅಣಕಿಸಿದರೆ ನನಗೆ ಬೇಜಾರಾಗುತ್ತದೆ’ ಅಂದುಬಿಡಿ. ಮೊದಲ ಸಲ ದನಿ ನಡುಗಬಹುದು, ನಡುಗಲಿ. ಆ ಇಬ್ಬರಲ್ಲಿ ಒಬ್ಬರಾದರೂ ‘ಸಾರಿ’ ಅಂದಾರು. ಅನ್ನದಿದ್ದರೂ ನೀವು ಹೇಳಿದ್ದು ಹೇಳಿದ್ದೇ.

ಮನಸ್ಸಿನಲ್ಲಿರುವುದನ್ನೆಲ್ಲ ಎಲ್ಲರ ಮುಂದೆ ಸುರಿಯಿರಿ ಎಂದು ನಾನು ಹೇಳುತ್ತಿಲ್ಲ. ಕೆಲಸಕ್ಕೇ ಕುತ್ತು ತರುವಂಥವರ ಮುಂದೆ ಸುಮ್ಮನಿರುವುದು ಹೇಡಿತನವಲ್ಲ. ಅಂಥ ಕಡೆ ಸುಮ್ಮನಿರಿ, ಆದರೆ ಸುಮ್ಮನಿದ್ದೇನೆ ಎಂಬುದು ನಿಮಗೆ ಗೊತ್ತಿರಲಿ. ಗಂಡನಿಗೋ ಗೆಳತಿಗೋ ಆ ದಿನದ ಸಂಗತಿಯನ್ನು ನಡೆದದ್ದು ನಡೆದಂತೆ ಹೇಳಿ. ನಿದ್ದೆ ಬಾರದಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ದಾಟಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡಬಹುದು, ನಿಮ್ಮೂರ ಕನ್ನಡದಲ್ಲೇ.